ಅಪ್ಪನ ಹಳೇ ಪೋಲೊ ಜಿಟಿ ಮಗನ ಕೈಗೆ: ಓಡೋ ಭಾಗಕ್ಕೆ ವಯಸ್ಸಾಗಿಲ್ಲ, ನಿಲ್ಸೋ ಭಾಗಕ್ಕೆ ಆಗಿದೆ

ಭಾವ ಫೋನ್ ಮಾಡಿದ್ರು. ಹೊಸ ಗಾಡಿ ಬುಕ್ ಮಾಡಿದ್ದಾರೆ, 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಗೆ ಎಕ್ಸ್‌ಚೇಂಜ್‌ನಲ್ಲಿ ಎಷ್ಟು ಬರತ್ತೆ ಅಂತ ಕೇಳಿದ್ರೆ ಶೋರೂಮ್‌ನವರು ಹೇಳಿದ ರೇಟ್ ಕೇಳಿ ತಲೆ ಕೆಟ್ಟಿದೆ. "ಆ ದುಡ್ಡಿಗೆ ಯಾರಿಗೋ ಕೊಡೋದಕ್ಕಿಂತ ಹುಡುಗನಿಗೇ ಕೊಟ್ಬಿಡೋಣ ಅಂತಿದೀನಿ ಕಣಯ್ಯ, ಏನಂತೀಯ?" ಹುಡುಗ ಅಂದ್ರೆ ನಮ್ಮಕ್ಕನ ಮಗ, 19 ವರ್ಷ, ಮನೆ ಮೈಸೂರು, ಓದ್ತಿರೋದು ಮಂಗಳೂರಲ್ಲಿ, ಲೈಸೆನ್ಸ್ ಬಂದು ಎಂಟು ತಿಂಗಳು. ಹಿಂದಿನಿಂದ ಅಕ್ಕ "ಬೇಡ ಅಂತ ಹೇಳೋ, ನಿನ್ ಮಾತಾದ್ರೆ ಕೇಳ್ತಾರೆ" ಅಂತ ಕೂಗ್ತಿದ್ಲು. ಹುಡುಗನಿಂದ ಆಗ್ಲೇ ಮೂರು ಸಲ "ಮಾಮ ಪ್ಲೀಸ್" ಅಂತ ಮೆಸೇಜ್ ಬಂದಿತ್ತು.

ಮನೇಲಿ ಕಾರ್ ಹುಚ್ಚ ಅಂತ ಹೆಸರು ತಗೊಂಡ್ರೆ ಇಂಥ ಪಂಚಾಯ್ತಿ ತಪ್ಪಿದ್ದಲ್ಲ. ನಾನು ಹೂಂ ಅಂತಾನೂ ಅನ್ಲಿಲ್ಲ ಉಹೂಂ ಅಂತಾನೂ ಅನ್ಲಿಲ್ಲ, ಕಾರ್ ನೋಡ್ಬೇಕು ಅಂದೆ. ಅದರಿಂದ ಶುರುವಾಗಿದ್ದು ಈ ಬರಹ, ಯಾಕಂದ್ರೆ ಇಂಥ ಪರಿಸ್ಥಿತಿ ಈಗ ಸುಮಾರು ಮನೆಗಳಲ್ಲಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಆಸೆಪಟ್ಟು ಪೋಲೊ ಜಿಟಿನೋ, ಪುಂಟೊ ಅಬಾರ್ತೋ, ಫಿಯೆಸ್ಟಾ 1.6ನೋ ತಗೊಂಡ ಅಪ್ಪಂದಿರ ಮಕ್ಕಳು ಈಗ ಲೈಸೆನ್ಸ್ ವಯಸ್ಸಿಗೆ ಬಂದಿದ್ದಾರೆ.

ಮೊದಲು ಎಲ್ಲರ ಬಾಯಲ್ಲೂ ಬರೋ ಮಾತು ಪವರ್. "ಅಷ್ಟು ಪವರ್ ಇರೋ ಗಾಡಿ ಹುಡುಗ್ರ ಕೈಗೆ ಕೊಡ್ಬಾರ್ದು." ಸರಿ, ಎಷ್ಟು ಅಂದ್ರೆ ಜಾಸ್ತಿ? ಇದಕ್ಕೆ ಆಸ್ಟ್ರೇಲಿಯಾದವರು ಒಂದು ಲೆಕ್ಕ ಇಟ್ಕೊಂಡಿದ್ದಾರೆ. ಅಲ್ಲಿ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಥರದ ರಾಜ್ಯಗಳಲ್ಲಿ ಹೊಸ ಲೈಸೆನ್ಸ್‌ನವರು ಗಾಡಿ ಮೇಲೆ ಪಿ ಅಂತ ಪ್ಲೇಟ್ ಹಾಕ್ಕೊಂಡು ಓಡಿಸ್ಬೇಕು, ಮತ್ತೆ ಒಂದು ಟನ್ ತೂಕಕ್ಕೆ 130 ಕಿಲೋವ್ಯಾಟ್‌ಗಿಂತ ಜಾಸ್ತಿ ಪವರ್ ಇರೋ ಕಾರು ಅವರು ಮುಟ್ಟೋ ಹಾಗಿಲ್ಲ. ನಮ್ಮ ಜಿಟಿ ಟಿಎಸ್‌ಐ 105 ಪಿಎಸ್, ಅಂದ್ರೆ 77 ಕಿಲೋವ್ಯಾಟ್, ತೂಕ ಹೆಚ್ಚೂ ಕಮ್ಮಿ 1.1 ಟನ್. ಭಾಗಿಸಿದ್ರೆ 70. 145 ಎಚ್‌ಪಿಯ ಅಬಾರ್ತ್ ಪುಂಟೊ ತಗೊಂಡ್ರೂ 90ರ ಆಸುಪಾಸು. ಅಂದ್ರೆ ನಾವು ಇಲ್ಲಿ ಬೆಂಕಿ ರಾಕೆಟ್ ಅಂತ ಕೊಂಡಾಡೋ ಗಾಡಿಗಳೆಲ್ಲ ಅಲ್ಲಿನ ಲೆಕ್ಕದಲ್ಲಿ ಹುಡುಗ್ರ ಗಾಡಿಗಳೇ. ಇದನ್ನ ಹೇಳಿದಾಗ ಭಾವಂಗೆ ಖುಷಿಯಾಯ್ತು, ಅಕ್ಕ ಫೋನ್ ಕಿತ್ಕೊಂಡು "ಆಸ್ಟ್ರೇಲಿಯಾದಲ್ಲಿ ಸಂಪಾಜೆ ಘಾಟಿ ಇದ್ಯೇನೋ?" ಅಂದ್ಲು. ಮೈಸೂರಿಂದ ಮಂಗಳೂರಿಗೆ ಇಳಿಯೋ ದಾರಿಯ ಘಾಟಿ ಅದು. ಮಾತು ಸರಿಯಾಗೇ ಇದೆ, ಆಮೇಲೆ ಬರ್ತೀನಿ ಅದಕ್ಕೆ.

ಪವರ್ ಎಷ್ಟು ಅನ್ನೋದಕ್ಕಿಂತ ಅದು ಹೇಗೆ ಬರತ್ತೆ ಅನ್ನೋದು ಹೊಸ ಡ್ರೈವರ್‌ಗೆ ಮುಖ್ಯ. 2000ದ ಸುಮಾರಿಗೆ ಬಂದ ಹೋಂಡಾ ಸಿಟಿ ವಿಟೆಕ್ ನೆನಪಿರೋರಿಗೆ ಗೊತ್ತು, ಅದೂ 106 ಪಿಎಸ್, ಸುಮಾರಾಗಿ ಇಷ್ಟೇ. ಆದ್ರೆ ಅದರಲ್ಲಿ ಪವರ್ ಪೂರ್ತಿ ಸಿಗಬೇಕಾದ್ರೆ ಆರ್‌ಪಿಎಂ ಮುಳ್ಳನ್ನ ಮೇಲಕ್ಕೆ ಏರಿಸ್ಬೇಕಿತ್ತು. ಇಂಜಿನ್ ಒಳಗೆ ವಾಲ್ವ್ ತೆಗೆಯೋ ಕ್ಯಾಮ್‌ಶಾಫ್ಟ್‌ನಲ್ಲಿ ಎರಡು ಥರ ಉಬ್ಬು, ಒಂದು ಸಣ್ಣದು ಒಂದು ದೊಡ್ಡದು, ಆರ್‌ಪಿಎಂ ಏರಿದಾಗ ಆಯಿಲ್ ಪ್ರೆಷರ್‌ನಿಂದ ಒಂದು ಪಿನ್ ಲಾಕ್ ಆಗಿ ದೊಡ್ಡ ಉಬ್ಬು ಕೆಲಸಕ್ಕೆ ಬರತ್ತೆ, ವಾಲ್ವ್ ಜಾಸ್ತಿ ತೆರ್ಕೊಳ್ಳತ್ತೆ, ಗಾಡಿ ಎರಡನೇ ಸಲ ಹುಟ್ಟಿದ ಹಾಗೆ ಓಡತ್ತೆ. ಅಲ್ಲಿವರೆಗೂ ಅದು ಸಾಧು. ಇಂಜಿನ್ ಕಿರುಚೋದು ಕಿವಿಗೆ ಬೀಳತ್ತೆ, ಕೈಯಿಂದ ಗೇರ್ ಇಳಿಸಿದ್ದು ಗೊತ್ತಿರತ್ತೆ, ಅಂದ್ರೆ ಜೋರಾಗಿ ಹೋಗ್ತಿದೀನಿ ಅನ್ನೋದು ಮೈಗೆ ಗೊತ್ತಾಗತ್ತೆ. ನಮ್ಮ ಜಿಟಿಯ ಟರ್ಬೊ ಇಂಜಿನ್ ಹಾಗಲ್ಲ. ಜಿಟಿ ಟಿಎಸ್‌ಐನಲ್ಲಿ 175 ಎನ್‌ಎಂ ಟಾರ್ಕ್, ಅಂದ್ರೆ ಎಳೆಯೋ ಬಲ, 1,500 ಆರ್‌ಪಿಎಂನಿಂದಲೇ ಸಿಗತ್ತೆ, ಏಳು ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸ್ ತಾನೇ ಗೇರ್ ಬದಲಾಯಿಸ್ಕೊಳ್ಳತ್ತೆ, ಸದ್ದಿಲ್ಲ ಗದ್ದಲ ಇಲ್ಲ, ಕಾಲು ಸ್ವಲ್ಪ ಒತ್ತಿ ಮಾತಾಡ್ತಾ ಮಾತಾಡ್ತಾ ಮೀಟರ್ ನೋಡಿದ್ರೆ 110. ವಿಟೆಕ್‌ನಲ್ಲಿ ಸ್ಪೀಡನ್ನ ಕೇಳಿ ತಗೋಬೇಕಿತ್ತು, ಟರ್ಬೊ ಕೇಳದೇ ಕೊಡತ್ತೆ. ಅನುಭವ ಇರೋನಿಗೆ ಇದು ಆರಾಮ, ಎಂಟು ತಿಂಗಳ ಲೈಸೆನ್ಸ್‌ಗೆ ಮೋಸ.

ಸ್ಪೀಡ್ ಜಾಸ್ತಿಯಾದ್ರೆ ಏನಾಗತ್ತೆ ಅಂತ ಹುಡುಗನಿಗೆ ಭಾಷಣ ಮಾಡಿದ್ರೆ ಕೇಳಲ್ಲ, ಇಂಜಿನಿಯರಿಂಗ್ ಓದ್ತಾನಲ್ಲ, ಅವನ ಕೈಯಲ್ಲೇ ಲೆಕ್ಕ ಮಾಡಿಸ್ದೆ. ಎದುರಿಗೆ ಏನೋ ಬಂತು ಅಂತ ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗಕ್ಕೆ ಒಂದೂವರೆ ಸೆಕೆಂಡ್ ಇಟ್ಕೊ, ಒಣ ರಸ್ತೆಲಿ ಒಳ್ಳೇ ಟೈರ್ ಇದ್ರೆ ಪ್ರತಿ ಸೆಕೆಂಡಿಗೂ ವೇಗ 7 ಮೀಟರ್/ಸೆಕೆಂಡ್‌ನಷ್ಟು ಇಳಿಯತ್ತೆ ಅಂತಿಟ್ಕೊ. 80ರಲ್ಲಿ ಹೋಗ್ತಿದ್ರೆ ಪೂರ್ತಿ ನಿಲ್ಲಕ್ಕೆ 69 ಮೀಟರ್ ಬೇಕು. 100ರಲ್ಲಿ 97 ಮೀಟರ್. ಇದು ಎಲ್ಲರಿಗೂ ಅಂದಾಜಿರತ್ತೆ. ಗೊತ್ತಿಲ್ದೇ ಇರೋದು ಇದು: ಪಕ್ಕದ 80ರ ಗಾಡಿ ಪೂರ್ತಿ ನಿಂತ ಜಾಗದಲ್ಲಿ, ಅದರ ಜೊತೆಗೇ ಬ್ರೇಕ್ ಒತ್ತಿದ 100ರ ಗಾಡಿ ಇನ್ನೂ 70ರ ಮೇಲೇ ಇರತ್ತೆ. ಹುಡುಗ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡ್ದ. ಬರೀ 20 ಕಿಲೋಮೀಟರ್ ವ್ಯತ್ಯಾಸಕ್ಕೆ ಒಬ್ಬ ಬೆವರು ಒರೆಸ್ಕೊಂಡು ಮುಂದೆ ಹೋಗ್ತಾನೆ, ಇನ್ನೊಬ್ಬ 70ರ ಸ್ಪೀಡಲ್ಲಿ ಗುದ್ದಿರ್ತಾನೆ.

ಅದೂ "ಒಳ್ಳೇ ಟೈರ್ ಇದ್ರೆ". ಇಲ್ಲೇ ಹಳೇ ಗಾಡಿ ಅನ್ನೋದು ಬರೋದು.

ಯೋಚ್ನೆ ಮಾಡಿ, ಕಾರನ್ನ ಓಡಿಸೋ ಸಾಮಾನೆಲ್ಲ ಬಹುಪಾಲು ಲೋಹ. ಆಯಿಲ್ ಟೈಮ್‌ಗೆ ಬದಲಾಯಿಸಿದ್ರೆ ಹನ್ನೊಂದು ಹನ್ನೆರಡು ವರ್ಷ ಆದ್ರೂ ಇಂಜಿನ್ ಹೊಸದರಲ್ಲಿ ಎಳೆದ ಹಾಗೇ ಎಳೆಯತ್ತೆ. ಆದ್ರೆ ಅದೇ ಕಾರನ್ನ ನಿಲ್ಸೋದು, ತಿರುವಲ್ಲಿ ಹಿಡ್ಕೊಳ್ಳೋದು ರಬ್ಬರು ಮತ್ತೆ ದ್ರವ: ಟೈರು, ಸಸ್ಪೆನ್ಷನ್ ಕೀಲುಗಳಲ್ಲಿರೋ ರಬ್ಬರ್ ಬುಷ್‌ಗಳು, ಬ್ರೇಕ್ ಹೋಸು, ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ, ಬ್ರೇಕ್ ಆಯಿಲ್. ಇವು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ಅಲ್ಲ, ವರ್ಷದ ಲೆಕ್ಕದಲ್ಲೂ ಸಾಯ್ತವೆ, ಗಾಡಿ ಶೆಡ್‌ನಲ್ಲಿ ಸುಮ್ನೆ ನಿಂತಿದ್ರೂ ಸಾಯ್ತವೆ. ಅದಕ್ಕೇ ಹಳೇ ಸ್ಪೋರ್ಟಿ ಕಾರು ಹಳೇ ಆಲ್ಟೊ ಥರ ಅಲ್ಲ. ಆಲ್ಟೊ ಎರಡರಲ್ಲೂ ಬಡವ. ಇಲ್ಲಿ ಓಡೋ ಅರ್ಧಕ್ಕೆ ಇನ್ನೂ ಯೌವನ, ನಿಲ್ಸೋ ಅರ್ಧಕ್ಕೆ ಮಂಡಿನೋವು.

ಭಾವನ ಗಾಡಿಯ ಟೈರ್ ನೋಡಿದೆ. ಮೇಲಿನ ಬಟನ್ ಚೆನ್ನಾಗಿತ್ತು, ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಭಾವ ಹೆಮ್ಮೆಯಿಂದ ತೋರಿಸಿದ್ರು. ಟೈರಿನ ಪಕ್ಕೆ ಮೇಲೆ ನಾಲ್ಕು ಅಂಕಿ ಇರತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 3117 ಅಂತಿತ್ತು. 2017ರ 31ನೇ ವಾರದಲ್ಲಿ ಆದ ಟೈರು. ಉಗುರು ಒತ್ತಿದ್ರೆ ಹಲಗೆ ಒತ್ತಿದ ಹಾಗೆ. ಬಟನ್ ಇದ್ದು ಏನು ಬಂತು, ರಬ್ಬರ್ ಗಟ್ಟಿಯಾದ್ಮೇಲೆ ಮಳೆ ರಸ್ತೆನ ಹಿಡಿಯಲ್ಲ. ಆರೇಳು ವರ್ಷ ದಾಟಿದ ಟೈರನ್ನ ಚರ್ಚೆ ಮಾಡದೇ ತೆಗೀಬೇಕು ಅನ್ನೋದು ನನ್ನ ಲೆಕ್ಕ, ಹುಡುಗ್ರು ಓಡಿಸೋದಾದ್ರೆ ಇನ್ನೂ ಬೇಗ.

ಬ್ರೇಕ್ ಆಯಿಲ್ ವಿಷಯ ಇನ್ನೂ ಜನ ತಲೆಗೆ ಹಾಕ್ಕೊಳ್ಳಲ್ಲ. ಅದು ಗಾಳಿಯಿಂದ ನೀರು ಹೀರ್ಕೊಳ್ಳತ್ತೆ, ಮಂಗಳೂರಿನ ಹವೆಯಲ್ಲಂತೂ ಕೇಳೋದೇ ಬೇಡ. ನೀರು ಸೇರಿದಷ್ಟೂ ಅದು ಕುದಿಯೋ ಬಿಸಿ ಕಮ್ಮಿ ಆಗ್ತಾ ಬರತ್ತೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲ್ಲ. ಈಗ ಅಕ್ಕ ಕೇಳಿದ ಸಂಪಾಜೆಗೆ ಬನ್ನಿ. ಮಡಿಕೇರಿಯಿಂದ ಸುಳ್ಯದ ಕಡೆ ಇಳಿಯೋವಾಗ ಒಂದೇ ಸಮ ಬ್ರೇಕ್ ಮೇಲೆ ಕಾಲಿಟ್ಕೊಂಡು ಇಳಿದ್ರೆ ಡಿಸ್ಕ್ ಕಾದು, ಅದನ್ನ ಹಿಡಿಯೋ ಕ್ಯಾಲಿಪರ್ ಒಳಗಿನ ಆಯಿಲ್‌ನಲ್ಲಿರೋ ನೀರು ಆವಿಯಾಗಿ ಗುಳ್ಳೆ ಏಳತ್ತೆ. ದ್ರವನ ಒತ್ತಿದ್ರೆ ಒತ್ತಡ ಮುಂದಕ್ಕೆ ಹೋಗತ್ತೆ, ಗುಳ್ಳೆನ ಒತ್ತಿದ್ರೆ ಗುಳ್ಳೆ ಚಿಕ್ಕದಾಗತ್ತೆ ಅಷ್ಟೇ, ಪೆಡಲ್ ನೆಲಕ್ಕೆ ಹೋಗತ್ತೆ ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ಮುಗೀತು, ದೊಡ್ಡ ಖರ್ಚೂ ಅಲ್ಲ. ಜೊತೆಗೆ ಡಿಎಸ್‌ಜಿಯನ್ನ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡು ಮೂರನೇ ಗೇರ್‌ನಲ್ಲಿ ಇಂಜಿನ್ ಮೇಲೇ ಇಳಿಸೋದು ಕಲಿಸ್ಬೇಕು. ಆಟೋಮ್ಯಾಟಿಕ್‌ನಲ್ಲೇ ಕಲಿತ ಹುಡುಗ್ರಿಗೆ ಇಂಜಿನ್ ಬ್ರೇಕಿಂಗ್ ಅನ್ನೋದು ಒಂದಿದೆ ಅಂತಾನೇ ಗೊತ್ತಿರಲ್ಲ.

ಮನೆ ಗಾಡಿನೇ ಕೊಡೋದ್ರಲ್ಲಿ ಒಂದು ಲಾಭ ಅಂದ್ರೆ ಅದರ ಜಾತಕ ಗೊತ್ತಿರತ್ತೆ, ಎಲ್ಲಿ ಗುದ್ದಿತ್ತು, ಯಾವತ್ತು ನೀರು ನುಗ್ಗಿತ್ತು, ಮೀಟರ್ ತಿರುಗಿಸಿಲ್ಲ ಅನ್ನೋದು. ಆದ್ರೆ ಇನ್ನೊಂದು ಮುಖ ಇದೆ, ಯಾರೂ ಒಪ್ಕೊಳ್ಳಲ್ಲ. ಹೊಸ ಗಾಡಿ ತಗೋಬೇಕು ಅಂತ ಮನಸ್ಸಲ್ಲಿ ಬಂದ ದಿನದಿಂದ ಹಳೇದಕ್ಕೆ ದುಡ್ಡು ಹಾಕೋದು ನಿಂತೋಗತ್ತೆ. "ಹೆಂಗೂ ಕೊಟ್ಬಿಡ್ತೀವಲ್ಲ" ಅಂತ ಸರ್ವಿಸ್ ಮುಂದೂಡ್ತಾರೆ, ಲಡಲಡ ಸದ್ದು ಬಂದ್ರೆ ಮ್ಯೂಸಿಕ್ ಜೋರು ಮಾಡ್ತಾರೆ. ಭಾವನ ಸರ್ವಿಸ್ ಬುಕ್‌ನಲ್ಲಿ ಕೊನೆಯ ಎರಡು ವರ್ಷ ಖಾಲಿ. ಯಾರಿಗೋ ಮಾರೋಣ ಅಂತ ಕೈಬಿಟ್ಟ ಗಾಡಿನ ಕೊನೆಗೆ ಸ್ವಂತ ಮಗನಿಗೆ ಕೊಡ್ತಿದ್ದೀರಿ ಅಂತ ಹೇಳ್ದಾಗ ಒಂದು ನಿಮಿಷ ಸುಮ್ನಾದ್ರು.

ಸೇಫ್ಟಿ ಬಗ್ಗೆ. ಕಾರಿನ ವಯಸ್ಸು ಅನ್ನೋದಕ್ಕಿಂತ ಯಾವ ಕಾಲದ್ದು ಅನ್ನೋದು ನೋಡ್ಬೇಕು. ನಮ್ಮಲ್ಲಿ ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಮತ್ತೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರಲ್ಲಿ, ಅದಕ್ಕೆ ಮುಂಚಿನದೆಲ್ಲ ಕಂಪನಿಯ ದಯೆ, ವೇರಿಯಂಟ್‌ನ ಭಾಗ್ಯ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಇದೇ ಪೋಲೊನ ಗುದ್ದಿಸಿ ನೋಡಿದ್ರು: ಏರ್‌ಬ್ಯಾಗ್ ಇಲ್ಲದ್ದಕ್ಕೆ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್. ಒಂದೇ ಕಾರು, ಒಂದೇ ಬಾಡಿ. ಜಿಟಿ ಟಿಎಸ್‌ಐ ಅದೃಷ್ಟಕ್ಕೆ ಎರಡು ಏರ್‌ಬ್ಯಾಗ್, ಎಬಿಎಸ್ ಜೊತೆಗೆ ಇಎಸ್‌ಪಿಯನ್ನೂ ಕೊಟ್ಟಿತ್ತು, ಆ ರೇಟಿನ ಗಾಡಿಗಳಲ್ಲಿ ಆಗ ಅದು ಅಪರೂಪ. ಇಎಸ್‌ಪಿ ಅಂದ್ರೆ ಸ್ಟೀರಿಂಗ್ ಯಾವ ಕಡೆ ತಿರುಗಿದೆ, ಗಾಡಿ ನಿಜವಾಗ್ಲೂ ಯಾವ ಕಡೆ ಹೋಗ್ತಿದೆ ಅಂತ ಹೋಲಿಸಿ ನೋಡ್ತಾನೇ ಇರತ್ತೆ, ಎರಡೂ ತಾಳೆಯಾಗಿಲ್ಲ ಅಂದ್ರೆ ಯಾವುದಾದ್ರೂ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಮೂತಿನ ಸರಿ ದಾರಿಗೆ ತರತ್ತೆ. ಮಳೆಗಾಲದ ಘಾಟಿಯಲ್ಲಿ ಹೊಸಬ ಗಾಬರಿ ಬಿದ್ದು ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ಎಳೆದಾಗ ಕಾಪಾಡೋದು ಇದೇ. ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಗಳ ದುಡ್ಡಲ್ಲಿ ನಡೆಯೋ ಐಐಎಚ್‌ಎಸ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ, ಹುಡುಗ್ರಿಗೆ ಹಳೇ ಗಾಡಿ ಕೊಡೋದಾದ್ರೆ ಇಂಥದ್ದು ಇರ್ಲೇಬೇಕು ಅನ್ನತ್ತೆ. ಜೊತೆಗೆ ಪವರ್ ಜಾಸ್ತಿ ಇರೋದು, ತೀರಾ ಚಿಕ್ಕದು ಬೇಡ ಅಂತಾನೂ ಅನ್ನತ್ತೆ, ಆ ಲೆಕ್ಕಕ್ಕೆ ಪೋಲೊ ಚಿಕ್ಕದೇ, ಮುಚ್ಚಿಡೋದೇನಿಲ್ಲ. ಯಾರಾದ್ರೂ ಸಿಟಿ ವಿಟೆಕ್‌ನೇ ಇನ್ನೂ ಜೋಪಾನ ಮಾಡಿಟ್ಟಿದ್ರೆ, ದಯವಿಟ್ಟು ಅದನ್ನ ಮಗನಿಗೆ ಮೊದಲ ಗಾಡಿಯಾಗಿ ಕೊಡ್ಬೇಡಿ. ಅದನ್ನ ಭಾನುವಾರ ಬೆಳಿಗ್ಗೆ ಅಪ್ಪಂದಿರು ಓಡಿಸ್ಬೇಕು.

ಒಂದು ಸೂಚನೆ, ಏರ್‌ಬ್ಯಾಗ್ ಇದ್ದ ಮಾತ್ರಕ್ಕೆ ಸಮಾಧಾನ ಆಗ್ಬೇಡಿ. ತಕಾತಾ ಅನ್ನೋ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್‌ಗಳು ಸೆಖೆ ಮತ್ತು ತೇವಕ್ಕೆ ವರ್ಷಾನುಗಟ್ಟಲೆ ಸಿಕ್ಕಿ ಒಳಗಿನ ಮದ್ದು ಹಾಳಾಗಿ, ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಯೋ ಅಪಾಯ ಇದೆ ಅಂತ ಪ್ರಪಂಚದಾದ್ಯಂತ ರೀಕಾಲ್ ಆಯ್ತು, ಇಂಡಿಯಾದಲ್ಲೂ ಹಲವು ಹಳೇ ಮಾಡೆಲ್‌ಗಳಿಗೆ ಆಗಿದೆ. ನಿಮ್ಮ ಗಾಡಿಯ ಚಾಸಿಸ್ ನಂಬರ್ ಕೊಟ್ಟು ಕಂಪನಿಯವರ ಹತ್ರ ಚೆಕ್ ಮಾಡಿಸ್ಕೊಳ್ಳಿ.

ಈಗ ಕಾಗದಪತ್ರ. ಇದರಲ್ಲಿ ಬಹಳ ಮನೆಗಳು ಎಡವೋದು.

18 ತುಂಬಿಲ್ಲ ಅಂದ್ರೆ ಮಾತೇ ಇಲ್ಲ. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಅಪ್ಪನಿಗೋ ಗಾಡಿ ಓನರ್‌ಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ. ಎಲ್‌ಎಲ್ ಇದೆಯಲ್ಲ ಅಂತ ಒಬ್ಬನೇ ಓಡಿಸೋದೂ ಆಗಲ್ಲ, ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರ್ಬೇಕು.

ಆರ್‌ಸಿ ಯಾರ ಹೆಸರಲ್ಲಿರ್ಬೇಕು ಅನ್ನೋದು ಮುಂದಿನ ಪ್ರಶ್ನೆ. ಅಪ್ಪನ ಹೆಸರಲ್ಲೇ ಬಿಟ್ರೆ ಮಗ ಓಡಿಸಬಹುದು, ತಪ್ಪೇನಿಲ್ಲ, ಲೈಸೆನ್ಸ್ ಇದ್ರೆ ಇನ್ಶೂರೆನ್ಸ್ ಕ್ಲೇಮಿಗೂ ತೊಂದ್ರೆ ಇಲ್ಲ. ಆದ್ರೆ ಒಂದು ತೂತು ಇದೆ. ಪಾಲಿಸಿ ಜೊತೆ ಕಡ್ಡಾಯವಾಗಿ ಬರೋ 15 ಲಕ್ಷದ ಆಕ್ಸಿಡೆಂಟ್ ಕವರ್‌ನ ಹೆಸರೇ ಓನರ್-ಡ್ರೈವರ್ ಕವರ್, ಅಂದ್ರೆ ಆರ್‌ಸಿಯಲ್ಲಿ ಹೆಸರಿರೋರಿಗೆ ಮಾತ್ರ. ಮಗ ಓಡಿಸುವಾಗ ಏನಾದ್ರೂ ಆದ್ರೆ ಆ 15 ಲಕ್ಷ ಅವನಿಗೆ ಅನ್ವಯಿಸಲ್ಲ. ಅವನ ಹೆಸರಲ್ಲಿ ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸ್ಬೇಕು. ಮಗನ ಹೆಸರಿಗೆ ವರ್ಗಾಯಿಸಿದ್ರೆ, ಅಂದ್ರೆ ಫಾರ್ಮ್ 29 ಮತ್ತೆ 30 ತುಂಬಿ ಆರ್‌ಟಿಒಗೆ ಕೊಟ್ರೆ, ಈ ತೂತು ಮುಚ್ಚತ್ತೆ, ಆದ್ರೆ ಅಪ್ಪ ವರ್ಷಾನುಗಟ್ಟಲೆ ಕ್ಲೇಮ್ ಮಾಡದೇ ಉಳಿಸಿಕೊಂಡ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಅನ್ನೋ ಪ್ರೀಮಿಯಂ ರಿಯಾಯ್ತಿ ಗಾಡಿ ಜೊತೆ ಬರಲ್ಲ, ಅದು ಅಪ್ಪನ ಜೊತೆ ಅವ್ರ ಹೊಸ ಗಾಡಿಗೆ ಹೋಗತ್ತೆ. ಹೆಸರು ಬದಲಾದ್ಮೇಲೆ 14 ದಿನದೊಳಗೆ ಇನ್ಶೂರೆನ್ಸ್‌ನವರಿಗೂ ತಿಳಿಸ್ಬೇಕು. ಅದನ್ನ ಮರೆತ್ರೆ ಥರ್ಡ್ ಪಾರ್ಟಿ ಭಾಗ, ಅಂದ್ರೆ ಬೇರೆಯವರಿಗೆ ಆದ ನಷ್ಟದ್ದು, ನಡೆಯತ್ತೆ, ನಿಮ್ಮ ಸ್ವಂತ ಗಾಡಿಯ ಡ್ಯಾಮೇಜ್ ಕ್ಲೇಮ್ ಕೈಕೊಡತ್ತೆ.

ಪ್ರೀಮಿಯಂ ವಿಷಯದಲ್ಲಿ ತಮಾಷೆ ಏನಂದ್ರೆ ಬ್ರಿಟನ್‌ನಲ್ಲಿ 19ರ ಹುಡುಗ ಇಂಥ ಗಾಡಿ ಇನ್ಶೂರ್ ಮಾಡಕ್ಕೆ ಹೋದ್ರೆ ಗಾಡಿ ರೇಟಿನಷ್ಟೇ ಪ್ರೀಮಿಯಂ ಕೇಳಿದ್ರೂ ಆಶ್ಚರ್ಯ ಇಲ್ಲ, ಓಡಿಸೋ ರೀತಿ ನೋಡಕ್ಕೆ ಗಾಡಿಲಿ ಬ್ಲ್ಯಾಕ್ ಬಾಕ್ಸ್ ಹಾಕೋ ಪಾಲಿಸಿನೂ ಇದೆ. ನಮ್ಮಲ್ಲಿ ಥರ್ಡ್ ಪಾರ್ಟಿ ರೇಟು ಸಿಸಿ ನೋಡತ್ತೆ, ಓಡಿಸೋನ ವಯಸ್ಸು ನೋಡಲ್ಲ. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, 1,500 ದಾಟಿದ್ರೆ 7,897, ಮೇಲೆ ಟ್ಯಾಕ್ಸ್. ಹಾಗಾಗಿ 1.2 ಟರ್ಬೊ ಜಿಟಿಗೆ ಕಮ್ಮಿ, ಅಷ್ಟೇ ಪವರ್‌ನ 1.6 ಫಿಯೆಸ್ಟಾಗೆ ಎರಡು ಪಟ್ಟಿಗಿಂತ ಜಾಸ್ತಿ. ನ್ಯಾಯ ಅಂತ ನಂಗೆ ಅನ್ಸಲ್ಲ, ಆದ್ರೆ ಇರೋದು ಹಾಗೆ. ಹುಡುಗ ಓಡಿಸ್ತಾನೆ ಅಂತ ಪ್ರೀಮಿಯಂ ಏರದೇ ಇರೋದು ಅಪ್ಪಂದಿರಿಗೆ ಲಾಭ ಅನ್ಸತ್ತೆ, ನಿಜವಾಗಿ ಅದರಿಂದ ಒಂದು ಎಚ್ಚರಿಕೆ ಗಂಟೆ ನಮಗೆ ಕೇಳಿಸೋದೇ ಇಲ್ಲ.

ಸ್ವಂತ ಡ್ಯಾಮೇಜ್ ಕವರ್ ಹಾಕಿಸಿದ್ರೂ ಹಳೇ ಗಾಡಿಗೆ ಹೆಂಗೆ ಸಿಗತ್ತೆ ಅಂತ ತಿಳ್ಕೊಂಡಿರಿ. ಪಾರ್ಟ್ ಹಳೇದು ಅಂತ ದುಡ್ಡು ಕಳೆಯದ ಜೀರೋ ಡೆಪ್ ಕವರ್ ಈ ವಯಸ್ಸಿನ ಗಾಡಿಗೆ ಸಿಗೋದು ಕಷ್ಟ, ಅದಿಲ್ಲದೆ ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್‌ಗೆಲ್ಲ ಅರ್ಧ ದುಡ್ಡು ನಿಮ್ಮದು, ಹತ್ತು ವರ್ಷ ದಾಟಿದ್ರೆ ಲೋಹದ ಪಾರ್ಟ್‌ಗೂ ಅರ್ಧ. ಇನ್ನು ರಿಪೇರಿ ಖರ್ಚು ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿರೋ ಬೆಲೆಯ, 75 ಪರ್ಸೆಂಟ್ ದಾಟಿದ್ರೆ ಟೋಟಲ್ ಲಾಸ್. ಐಡಿವಿ ಇಳಿದು ಹೋಗಿರೋದ್ರಿಂದ ಎರಡು ಏರ್‌ಬ್ಯಾಗ್ ಬಿಚ್ಚಿಕೊಳ್ಳೋ ಒಂದು ಮಧ್ಯಮ ಏಟು ಸಾಕು, ಗಾಡಿ ಕಥೆ ಮುಗಿಯಕ್ಕೆ. ಡಿಎಸ್‌ಜಿಯ ಡ್ರೈ ಕ್ಲಚ್, ಗೇರ್ ಬದಲಾಯಿಸೋ ಮೆಕಾಟ್ರಾನಿಕ್ಸ್ ಯೂನಿಟ್ ಏನಾದ್ರೂ ಕೈಕೊಟ್ರೆ ಅದು ಇನ್ಶೂರೆನ್ಸ್‌ಗೆ ಬರೋದೇ ಇಲ್ಲ, ಪೂರ್ತಿ ಜೇಬಿಂದ, ಬಿಲ್ಲೂ ಲಕ್ಷದ ಕಡೆ ಮುಖ ಮಾಡಿರತ್ತೆ. ಅದಕ್ಕೇ ಹುಡುಗನಿಗೆ ಹೇಳಿದ್ದು, ಟ್ರಾಫಿಕ್‌ನಲ್ಲಿ ಇಂಚು ಇಂಚು ತೆವಳಿಸ್ಬೇಡ, ಸ್ವಲ್ಪ ಜಾಗ ಬಿಟ್ಟು ಒಟ್ಟಿಗೆ ಮುಂದಕ್ಕೆ ಹೋಗು ಅಂತ. ಮತ್ತೆ ರೀಮ್ಯಾಪ್ ಅನ್ನೋ ಪದ ಬಾಯಲ್ಲಿ ಬಂದ್ರೆ ಕೀ ವಾಪಸ್. ಲ್ಯಾಪ್‌ಟಾಪ್ ಹಚ್ಚಿ ಅರ್ಧ ಗಂಟೇಲಿ ಪವರ್ ಏರಿಸ್ತಾರೆ, ಬ್ರೇಕು ಹಳೇದೇ ಇರತ್ತೆ, ಇನ್ಶೂರೆನ್ಸ್‌ನವರಿಗೆ ಹೇಳದ ಮಾಡಿಫಿಕೇಶನ್ ಅಂತ ಕ್ಲೇಮ್ ತಳ್ಳಿಹಾಕಕ್ಕೆ ದಾರಿ ಆಗತ್ತೆ.

15 ವರ್ಷದ ಗಡಿ ಬಗ್ಗೆ ಬಹಳ ಜನಕ್ಕೆ ಗೊಂದಲ. ಹಳೇ ಗಾಡಿ ಓಡಿಸೋ ಹಾಗೇ ಇಲ್ಲ ಅನ್ನೋದೆಲ್ಲ ದಿಲ್ಲಿ ಕಡೆಯ ಕಥೆ. ಕರ್ನಾಟಕದಲ್ಲಿ 15 ಆದ್ಮೇಲೆ ಗಾಡಿ ತೋರಿಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸ್ಬಹುದು, ಹಸಿರು ತೆರಿಗೆ ಕಟ್ಬೇಕು. 2022ರ ಏಪ್ರಿಲ್‌ನಿಂದ ರಿನ್ಯೂವಲ್ ಫೀಸು 600ರಿಂದ 5,000ಕ್ಕೆ ಏರಿದೆ, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ರು. ಭಾವನ ಗಾಡಿಗೆ 2029ರವರೆಗೆ ಚಿಂತೆ ಇಲ್ಲ. ಪೆಟ್ರೋಲ್ ಕೂಡ ಈಗ ಇ20, ಈ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ, ಹಾಗಾಗಿ ಫ್ಯೂಯಲ್ ಲೈನು, ರಬ್ಬರ್ ಸೀಲುಗಳನ್ನ ಸರ್ವಿಸ್‌ನಲ್ಲಿ ಕಣ್ಣಿಟ್ಟು ನೋಡ್ಬೇಕು.

ಇಷ್ಟೆಲ್ಲ ಆಗಿ ಉಳಿಯೋದು ಹುಡುಗ. ಯಾವ ದೇಶದಲ್ಲಿ ನೋಡಿದ್ರೂ ಹೊಸ ಡ್ರೈವರ್‌ಗೆ ಮೊದಲ ಕೆಲವು ತಿಂಗಳು, ರಾತ್ರಿ ಹೊತ್ತು, ಮತ್ತೆ ಕಾರು ತುಂಬ ಅದೇ ವಯಸ್ಸಿನ ಫ್ರೆಂಡ್ಸ್, ಇವು ಮೂರು ಸೇರಿದ್ರೆ ಅಪಾಯ. ನ್ಯೂಜಿಲೆಂಡ್‌ನಲ್ಲಿ ಇದನ್ನ ಕಾನೂನೇ ಮಾಡಿದ್ದಾರೆ: ಎರಡನೇ ಹಂತದ ಲೈಸೆನ್ಸ್‌ನವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ರೇ ಓಡಿಸೋ ಹಾಗಿಲ್ಲ, ಫ್ರೆಂಡ್ಸ್‌ನ ಕೂರಿಸ್ಕೊಳ್ಳೋ ಹಾಗೂ ಇಲ್ಲ, ಪಕ್ಕದಲ್ಲಿ ಅನುಭವಿ ಡ್ರೈವರ್ ಇದ್ರೆ ಮಾತ್ರ. ನಮ್ಮಲ್ಲಿ ಲೈಸೆನ್ಸ್ ಕೈಗೆ ಬಂದ ದಿನವೇ ನಾಲ್ಕು ಜನ ತುಂಬ್ಕೊಂಡು ರಾತ್ರಿ ಹನ್ನೊಂದಕ್ಕೆ ಮಲ್ಪೆ ಬೀಚಿಗೆ ಹೊರಟ್ರೂ ಕೇಳೋರಿಲ್ಲ. ಹಾಗಾಗಿ ನ್ಯೂಜಿಲೆಂಡಿನ ರೂಲ್ಸ್‌ನೇ ಅಕ್ಕ ಮನೆ ರೂಲ್ಸ್ ಮಾಡಿದ್ಲು, ಒಂದು ವರ್ಷಕ್ಕೆ. ಸ್ಪೀಡ್ ಚಪಲ ತೀರಿಸ್ಕೋಬೇಕು ಅಂದ್ರೆ ಗೋ-ಕಾರ್ಟಿಂಗ್ ಟ್ರ್ಯಾಕ್ ಇದೆ, ಆ ಖರ್ಚು ನಂದು ಅಂತ ನಾನು ಒಪ್ಕೊಂಡೆ. ಎಕ್ಸ್‌ಪ್ರೆಸ್‌ವೇ ಅದಕ್ಕಲ್ಲ, ಬೆಂಗಳೂರು-ಮೈಸೂರು ರೋಡಲ್ಲಿ ಮಿತಿ 100, ಉದ್ದಕ್ಕೂ ಕ್ಯಾಮೆರಾ, ಮತ್ತೆ 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದ್ರೆ ಬರೀ ದಂಡ ಅಲ್ಲ, ಎಫ್‌ಐಆರ್.

ಕೊನೆಗೆ ಕೊಟ್ರು. ಅದಕ್ಕೆ ಮುಂಚೆ ನಾಲ್ಕು ಹೊಸ ಟೈರು, ಬ್ರೇಕ್ ಆಯಿಲ್ಲು, ಮುಂದಿನ ಲೋವರ್ ಆರ್ಮ್ ಬುಷ್‌ಗಳು, ನಾಲ್ಕೂ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡು, ಕೂಲೆಂಟ್ ಹೋಸು ಎಲ್ಲ ಬದಲಾಯ್ತು. ಬಿಲ್ ನೋಡಿ ಭಾವ "ಎಕ್ಸ್‌ಚೇಂಜ್‌ಗೇ ಕೊಟ್ಟಿದ್ರೆ ಆಗ್ತಿತ್ತು" ಅಂತ ಗೊಣಗಿದ್ರು. ಮೊದಲ ಎರಡು ಟ್ರಿಪ್ ನಾನು ಪಕ್ಕದಲ್ಲಿ ಕೂತು ಹೋಗ್ಬಂದೆ, ಎರಡನೇದರಲ್ಲಿ ಸಂಪಾಜೆ ಇಳಿಯುವಾಗ ಒಳ್ಳೇ ಮಳೆ, ಹುಡುಗ ಎರಡನೇ ಗೇರ್‌ನಲ್ಲಿ ಅಜ್ಜಿ ಥರ ಇಳಿಸಿದ. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಆರ್‌ಸಿ ಭಾವನ ಹೆಸರಲ್ಲೇ ಇದೆ, ಹುಡುಗನಿಗೆ ಬೇರೆ ಆಕ್ಸಿಡೆಂಟ್ ಪಾಲಿಸಿ ಮಾಡಿಸಿದ್ದಾರೆ. ಫಾಸ್ಟ್‌ಟ್ಯಾಗೂ ಭಾವನ ಫೋನ್‌ಗೇ ಇದೆ. ಅವನು ಹೊರಟ ದಿನ ಅಕ್ಕ ಆ ಫೋನ್ ಕೈಲೇ ಹಿಡ್ಕೊಂಡು ಓಡಾಡ್ತಾಳೆ, ಮಂಗಳೂರಿಗೆ ಸ್ವಲ್ಪ ಮುಂಚೆ ಸಿಗೋ ಬ್ರಹ್ಮರಕೂಟ್ಲು ಟೋಲ್‌ನಲ್ಲಿ ದುಡ್ಡು ಕಟ್ಟಾದ ಮೆಸೇಜ್ ಬಂದ್ಮೇಲೇ ಕಾಫಿಗೆ ಇಡೋದು.